ಒತ್ತಡ, ಖಿನ್ನತೆ ಮತ್ತು ನರಕೋಶಗಳ ನಂಟು: ಸಡಿಲವಾದದ್ದು ಮತ್ತೆ ಕೂಡಿಕೊಳ್ಳುತ್ತದೆಯೇ?

ಪ್ರಶ್ನೆ: ನನಗೆ 38 ವರ್ಷ. ಎರಡು ವರ್ಷದಿಂದ ಕೆಲಸದಲ್ಲಿ ವಿಪರೀತ ಒತ್ತಡ. ಜೊತೆಗೆ ಹಾಸಿಗೆ ಹಿಡಿದಿರುವ ತಾಯಿಯನ್ನು ನೋಡಿಕೊಳ್ಳುವ ಹೊಣೆ. ಖಿನ್ನತೆ ಎಂದು ಹೇಳಿ ಮನೋವೈದ್ಯರು ಎಸ್ಸಿಟಲೋಪ್ರಾಮ್ 10 ಮಿಲಿಗ್ರಾಂ ಕೊಟ್ಟಿದ್ದಾರೆ, ಶುರುಮಾಡಿ ಮೂರು ವಾರವಾಯಿತು. ನಿದ್ದೆ ಸ್ವಲ್ಪ ಸುಧಾರಿಸಿದೆ. ಆದರೆ ಓದಿದ್ದು ತಲೆಗೆ ಹತ್ತುವುದಿಲ್ಲ, ಪರಿಚಿತರ ಹೆಸರೂ ಮರೆತುಹೋಗುತ್ತದೆ, ಸಣ್ಣ ಸದ್ದಿಗೂ ಎದೆ ಹೊಡೆದುಕೊಳ್ಳುತ್ತದೆ. ಒತ್ತಡದಿಂದ ಮಿದುಳಿನ ಕೋಶಗಳು ಸಾಯುತ್ತವೆ ಎಂದು ಓದಿ ಭಯವಾಗಿದೆ. ನನ್ನ ಮಿದುಳು ಶಾಶ್ವತವಾಗಿ ಹಾಳಾಗಿದೆಯೇ? ಎಂಆರ್‌ಐ ಮಾಡಿಸಬೇಕೇ? ಮಾತ್ರೆ ಇದನ್ನು ಸರಿಪಡಿಸುತ್ತದೆಯೇ? ಸರಿಪಡಿಸುವುದಾದರೆ ಇಷ್ಟು ತಡವೇಕೆ?

ಉತ್ತರ: ಮೊದಲು ನಿಮ್ಮ ಭಯದ ವಿಷಯ. ಪಾರ್ಶ್ವವಾಯು ಅಥವಾ ಆಲ್ಜೈಮರ್ ಕಾಯಿಲೆಯಲ್ಲಿ ನರಕೋಶಗಳೇ ಸಾಯುತ್ತವೆ. ಖಿನ್ನತೆಯಲ್ಲಿ ಹಾಗೆ ದೊಡ್ಡ ಪ್ರಮಾಣದಲ್ಲಿ ಕೋಶಗಳು ಸಾಯುವುದು ಕಂಡುಬಂದಿಲ್ಲ. ಕೋಶಗಳು ಇದ್ದಲ್ಲೇ ಇರುತ್ತವೆ. ಅವುಗಳ ಕೊಂಬೆಗಳು ಕುಗ್ಗುತ್ತವೆ, ಒಂದರಿಂದ ಇನ್ನೊಂದಕ್ಕೆ ಸುದ್ದಿ ದಾಟುವ ಜಾಗಗಳು ಕಡಿಮೆಯಾಗುತ್ತವೆ. ಅದೂ ಎಲ್ಲ ಕಡೆ ಅಲ್ಲ. ಒಂದು ಭಾಗದಲ್ಲಿ ಸಂಪರ್ಕ ತಗ್ಗುವ ಹೊತ್ತಿಗೇ ಇನ್ನೊಂದು ಭಾಗದಲ್ಲಿ ಹೆಚ್ಚುತ್ತದೆ. ನಿಮ್ಮ ಮರೆವು ಮತ್ತು ಎದೆಬಡಿತ ಎರಡೂ ಒಟ್ಟಿಗೆ ಬಂದಿರುವುದಕ್ಕೆ ಇದೇ ಕಾರಣವಿರಬಹುದು. ಇವೆರಡೂ ಹಿಂದಿನ ಸ್ಥಿತಿಗೆ ಮರಳುವ ವೇಗವೂ ಒಂದೇ ಅಲ್ಲ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದಿನ ಆರು ತಿಂಗಳು ನಿಮಗೆ ಬೇಕಾಗುವುದು ಇದೇ.

ಸಂಪರ್ಕ ಎಂದರೆ ಏನು ಎಂಬುದನ್ನು ಹತ್ತಿರದಿಂದ ನೋಡೋಣ. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದೊಂದು ಕೋಶಕ್ಕೂ ಸುದ್ದಿ ತೆಗೆದುಕೊಳ್ಳುವ ಕೊಂಬೆಗಳಿವೆ, ಇವನ್ನು ಡೆಂಡ್ರೈಟ್ ಎನ್ನುತ್ತೇವೆ. ಕೊಂಬೆಯ ಮೈತುಂಬ ಸ್ಪೈನ್ ಎಂಬ ಪುಟ್ಟ ಮೊಗ್ಗುಗಳು ಎದ್ದಿರುತ್ತವೆ; ಒಂದು ಸ್ಪೈನ್‌ನ ಉದ್ದ ಮಿಲಿಮೀಟರಿನ ಸಾವಿರದ ಒಂದು ಭಾಗದ ಆಸುಪಾಸು. ಅದಕ್ಕೊಂದು ತಲೆ, ಸಣ್ಣ ಕುತ್ತಿಗೆ. ತಲೆಯ ಎದುರಿಗೆ ಬೇರೆ ಕೋಶದ ತಂತುವಿನ ತುದಿ ಬಂದು ನಿಂತಿರುತ್ತದೆ, ನಡುವೆ ಸುಮಾರು 20 ನ್ಯಾನೊಮೀಟರ್ ಸಂದು. ಈ ಜೋಡಿಯೇ ಸಿನಾಪ್ಸ್. ತಂತುವಿನ ತುದಿಯಿಂದ ಗ್ಲುಟಮೇಟ್ ಎಂಬ ರಾಸಾಯನಿಕ ಸಂದಿಗೆ ಸುರಿಯುತ್ತದೆ, ಸ್ಪೈನ್‌ನ ತಲೆಯ ಮೇಲಿನ ಗ್ರಾಹಕಗಳು ಅದನ್ನು ಹಿಡಿಯುತ್ತವೆ. ಪದೇ ಪದೇ ಬಳಕೆಯಾಗುವ ಸಿನಾಪ್ಸ್‌ನಲ್ಲಿ ಗ್ರಾಹಕಗಳು ಹೆಚ್ಚುತ್ತವೆ, ಸ್ಪೈನ್‌ನ ತಲೆ ದಪ್ಪಗಾಗಿ ಅಣಬೆಯ ಆಕಾರಕ್ಕೆ ಬರುತ್ತದೆ, ಬಹುಕಾಲ ಉಳಿಯುತ್ತದೆ. ಬಳಕೆ ಇಲ್ಲದ್ದು ಸಪೂರವಾಗಿ ಕೊನೆಗೆ ಕೊಂಬೆಯೊಳಗೆ ಸೇರಿಹೋಗುತ್ತದೆ. ಆರೋಗ್ಯವಂತ ಮಿದುಳಿನಲ್ಲೂ ಇದು ದಿನವೂ ನಡೆಯುವ ಕೆಲಸ. ಒತ್ತಡ ಹೊಸದಾಗಿ ಏನನ್ನೂ ತರುವುದಿಲ್ಲ, ಈ ಹುಟ್ಟು ಮತ್ತು ಅಳಿವಿನ ಲೆಕ್ಕವನ್ನು ತಪ್ಪಿಸುತ್ತದೆ, ಅಷ್ಟೆ.

ಒತ್ತಡ ಎದುರಾದಾಗ ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್‌ನಿಂದ ಪಿಟ್ಯುಟರಿ ಗ್ರಂಥಿಗೆ, ಪಿಟ್ಯುಟರಿಯಿಂದ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗೆ ಸೂಚನೆ ಹೋಗಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನ್ ಬಿಡುಗಡೆಯಾಗುತ್ತದೆ. ಕಾರ್ಟಿಸಾಲ್ ಕೆಟ್ಟ ವಸ್ತುವಲ್ಲ. ಬೆಳಿಗ್ಗೆ ಎದ್ದು 30–45 ನಿಮಿಷಕ್ಕೆ ಅದು ದಿನದ ಗರಿಷ್ಠ ಮಟ್ಟ ಮುಟ್ಟದಿದ್ದರೆ ನಮಗೆ ಚುರುಕೇ ಬರುವುದಿಲ್ಲ. ಕೆಲವು ನಿಮಿಷ, ಕೆಲವು ಗಂಟೆಗಳ ಕಾರ್ಟಿಸಾಲ್ ನೆನಪನ್ನು ಗಟ್ಟಿಮಾಡುತ್ತದೆ ಕೂಡ. ತೊಂದರೆ ಶುರುವಾಗುವುದು ಅದು ಇಳಿಯದೇ ಉಳಿದಾಗ. ಕಾರ್ಟಿಸಾಲ್ ಹಿಡಿಯುವ ಗ್ರಾಹಕಗಳು ಹೇರಳವಾಗಿರುವುದು ಹಿಪೊಕ್ಯಾಂಪಸ್‌ನಲ್ಲಿ, ಅಂದರೆ ಹೊಸ ನೆನಪು ಕಟ್ಟುವ ಜಾಗದಲ್ಲಿ. ಇಲಿಗಳಲ್ಲಿ ಇದನ್ನು ಮೊದಲು ತೋರಿಸಿದ್ದು ಬ್ರೂಸ್ ಮೆಕ್‌ಯುವನ್ ಅವರ ತಂಡ, 1968ರಲ್ಲಿ. ‘ಸಾಕು, ನಿಲ್ಲಿಸು’ ಎಂದು ಹೈಪೊಥಲಾಮಸ್‌ಗೆ ಹೇಳುವ ಕೆಲಸವೂ ಬಹುಪಾಲು ಹಿಪೊಕ್ಯಾಂಪಸ್‌ನದೇ. ಅದು ಸೊರಗಿದರೆ ತಡೆ ಸಡಿಲವಾಗುತ್ತದೆ, ಕಾರ್ಟಿಸಾಲ್ ಇನ್ನಷ್ಟು ಹೊತ್ತು ಮೇಲೆಯೇ ಇರುತ್ತದೆ. ಇಲ್ಲೇ ಸುಳಿ ಶುರುವಾಗುವುದು.

ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳನ್ನು ಬಿಡಿಸಿ ನೋಡಬೇಕು. ಜನಪ್ರಿಯ ಬರಹಗಳು ಇವನ್ನು ಕಲಸಿಬಿಡುತ್ತವೆ. ಒಂದು, ನಿಮಿಷಗಳಲ್ಲಿ ಆಗುವ ಬದಲಾವಣೆ. ನಮ್ಮ ಹಿಡಿತದಲ್ಲಿಲ್ಲದ ಒತ್ತಡ ಬಂದಾಗ ಹಣೆಯ ಹಿಂದಿದ್ದು ಗಮನ, ಯೋಚನೆಗಳನ್ನು ನಡೆಸುವ ಪ್ರಿಫ್ರಂಟಲ್ ಕಾರ್ಟೆಕ್ಸ್‌ನಲ್ಲಿ ನಾರ್‌ಅಡ್ರಿನಲಿನ್ ಮತ್ತು ಡೋಪಮಿನ್ ಎಂಬ ರಾಸಾಯನಿಕಗಳು ಮಿತಿಮೀರುತ್ತವೆ. ಆಗ ಸ್ಪೈನ್‌ಗಳ ಬಳಿಯ ಪೊಟ್ಯಾಸಿಯಂ ಬಾಗಿಲುಗಳು ತೆರೆದುಕೊಂಡು ಒಳಬರುವ ಸಂಕೇತ ಸೋರಿಹೋಗುತ್ತದೆ. ಸಿನಾಪ್ಸ್ ಇದೆ, ಆದರೆ ಕೆಲಸ ಮಾಡುತ್ತಿಲ್ಲ. ಓದಿದ ಸಾಲನ್ನೇ ಮತ್ತೆ ಮತ್ತೆ ಓದುವುದು, ಕೋಣೆಗೆ ಬಂದು ಯಾಕೆ ಬಂದೆ ಎಂದು ನಿಲ್ಲುವುದು ಹೆಚ್ಚಾಗಿ ಈ ಬಗೆಯದು. ಒತ್ತಡ ಇಳಿದ ಕೆಲವೇ ಹೊತ್ತಿನಲ್ಲಿ ಇದು ಸರಿಹೋಗುತ್ತದೆ. ಎರಡನೆಯದು ವಾರಗಟ್ಟಲೆ ಒತ್ತಡ ಉಳಿದಾಗ ಆಗುವ ರಚನೆಯ ಬದಲಾವಣೆ, ಅಂದರೆ ಕೊಂಬೆ ಮತ್ತು ಸ್ಪೈನ್‌ಗಳೇ ಕಡಿಮೆಯಾಗುವುದು.

ಈ ಎರಡನೆಯದರ ಬಗ್ಗೆ ನಮಗೆ ತಿಳಿದಿರುವುದು ಬಹುಪಾಲು ಇಲಿಗಳಿಂದ. ದಿನಕ್ಕೆ 6 ಗಂಟೆ, 21 ದಿನ ಇಲಿಯನ್ನು ಅಲುಗಾಡದಂತೆ ಇರಿಸಿದರೆ ಹಿಪೊಕ್ಯಾಂಪಸ್‌ನ ಸಿಎ3 ಎಂಬ ಭಾಗದ ಕೋಶಗಳ ಕೊಂಬೆಗಳು ಮೊಟಕಾಗುತ್ತವೆ. ಪ್ರಿಫ್ರಂಟಲ್ ಕಾರ್ಟೆಕ್ಸ್‌ನ ಒಳಬದಿಯಲ್ಲಿ ಸ್ಪೈನ್‌ಗಳ ಸಾಂದ್ರತೆ ಶೇ. 16ರಷ್ಟು ಇಳಿದದ್ದು 2006ರ ಒಂದು ಅಧ್ಯಯನದಲ್ಲಿ ಕಂಡಿತು. ಹೀಗೆ ಒತ್ತಡಕ್ಕೊಳಗಾದ ಇಲಿಗಳನ್ನು ಮೂರು ವಾರ ನೆಮ್ಮದಿಯಾಗಿ ಬಿಟ್ಟರೆ, ವಯಸ್ಸು ಕಡಿಮೆಯಿದ್ದವುಗಳಲ್ಲಿ ಕೊಂಬೆಗಳು ಮತ್ತೆ ಬೆಳೆಯುತ್ತವೆ. ಮುದಿ ಇಲಿಗಳಲ್ಲಿ ಈ ಚೇತರಿಕೆ ಅಷ್ಟಾಗಿ ಕಾಣುವುದಿಲ್ಲ. ಹಾಗಾಗಿ ‘ವಯಸ್ಸಾದ ಮೇಲೆ ಬೇಸರ ಸಹಜ’ ಎಂದು ಹಿರಿಯರ ಖಿನ್ನತೆಯನ್ನು ಚಿಕಿತ್ಸೆ ಇಲ್ಲದೆ ಬಿಡುವುದು ದೊಡ್ಡ ತಪ್ಪು ಎಂದು ನಾನು ಒತ್ತಿ ಹೇಳುತ್ತೇನೆ.

ಅಮಿಗ್ಡಾಲದ ಕಥೆ ಇದಕ್ಕೆ ಪೂರ್ತಿ ಉಲ್ಟಾ. ಅಪಾಯವನ್ನು ಗುರುತಿಸಿ ಎಚ್ಚರಿಸುವ ಭಾಗ ಇದು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸುಮಂತ್ರ ಚಟ್ಟರ್ಜಿ ಅವರ ತಂಡ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ 2 ಗಂಟೆಯಂತೆ 10 ದಿನ ಒತ್ತಡಕ್ಕೊಳಗಾದ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ ಕೊಂಬೆಗಳು ಕುಗ್ಗಿದ್ದವು, ಅಮಿಗ್ಡಾಲದಲ್ಲಿ ಹಬ್ಬಿದ್ದವು. ಎರಡು ವರ್ಷದ ಬಳಿಕ ಅವರೇ ತೋರಿಸಿದ್ದು ಇನ್ನೂ ಮುಖ್ಯ: 21 ದಿನ ಒತ್ತಡವಿಲ್ಲದೆ ಇರಿಸಿದಾಗ ಹಿಪೊಕ್ಯಾಂಪಸ್ ಮೊದಲಿನಂತಾಯಿತು, ಅಮಿಗ್ಡಾಲದ ಹೆಚ್ಚುವರಿ ಕೊಂಬೆಗಳು ಹಾಗೆಯೇ ಉಳಿದವು, ಇಲಿಗಳ ಆತಂಕವೂ ಉಳಿಯಿತು. ಖಿನ್ನತೆ ಬಿಟ್ಟರೂ ಬೆಚ್ಚಿಬೀಳುವುದು, ಕೆಟ್ಟ ಸುದ್ದಿ ಬರುತ್ತದೆಂಬ ಕಾತರ ತಿಂಗಳುಗಟ್ಟಲೆ ಉಳಿಯುವುದನ್ನು ಅರ್ಥಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಸುಳಿವು ನನಗೆ ಕಂಡಿಲ್ಲ. ಬಿಡುವು ಕೊಟ್ಟರೆ ಹಿಪೊಕ್ಯಾಂಪಸ್ ತಾನಾಗಿ ಚೇತರಿಸಿಕೊಳ್ಳುತ್ತದೆ, ಅಮಿಗ್ಡಾಲಕ್ಕೆ ಬರೀ ಬಿಡುವು ಸಾಲದು, ‘ಇಲ್ಲಿ ಅಪಾಯವಿಲ್ಲ’ ಎಂದು ಅದಕ್ಕೆ ಹೊಸದಾಗಿ ಕಲಿಸಬೇಕು.

ಸಂಪರ್ಕ ಕಡಿಮೆಯಾಗುವುದು ಹೇಗೆ? ಒಂದೇ ಕಾರಣ ಹುಡುಕಬೇಡಿ. ಒತ್ತಡದಲ್ಲಿ ಗ್ಲುಟಮೇಟ್ ಬೇಕಾದ್ದಕ್ಕಿಂತ ಹೆಚ್ಚು ಸುರಿಯುತ್ತದೆ, ಅದನ್ನು ಹೀರಿ ಶುಚಿಮಾಡಬೇಕಾದ ಆಸ್ಟ್ರೊಸೈಟ್ ಕೋಶಗಳು ಸುಸ್ತಾಗುತ್ತವೆ. ಹೆಚ್ಚಾದ ಸಂಕೇತದಿಂದ ತನ್ನನ್ನು ಕಾಪಾಡಿಕೊಳ್ಳಲು ಕೋಶ ಕೊಂಬೆಗಳನ್ನು ಒಳಗೆಳೆದುಕೊಳ್ಳುತ್ತದೆ. ಅಂದಮೇಲೆ ಕುಗ್ಗುವುದರಲ್ಲಿ ಒಂದಷ್ಟು ಭಾಗ ಸ್ವರಕ್ಷಣೆಯೇ. ಇನ್ನೊಂದೆಡೆ, ಬಿಡಿಎನ್‌ಎಫ್ ಎಂಬ ಪೋಷಕ ಪ್ರೋಟೀನ್ ಇಳಿಯುತ್ತದೆ. ಇದು ಟ್ರ್ಯಾಕ್-ಬಿ ಎಂಬ ಗ್ರಾಹಕಕ್ಕೆ ಅಂಟಿಕೊಂಡು, ಸಿನಾಪ್ಸ್ ಕಟ್ಟಲು ಬೇಕಾದ ಪ್ರೋಟೀನ್‌ಗಳನ್ನು ಸ್ಥಳದಲ್ಲೇ ತಯಾರಿಸುವಂತೆ ಕೋಶಕ್ಕೆ ಹೇಳುತ್ತದೆ. ಅದು ಇಳಿದರೆ ಸವೆದ ಸ್ಪೈನ್‌ನ ಜಾಗಕ್ಕೆ ಹೊಸದು ಏಳುವುದಿಲ್ಲ. ಮೂರನೆಯದು ಮೈಕ್ರೊಗ್ಲಿಯಾ, ಮಿದುಳಿನ ರಕ್ಷಣಾ ಕೋಶಗಳು. ದೀರ್ಘ ಒತ್ತಡಕ್ಕೊಳಗಾದ ಇಲಿಗಳ ಪ್ರಿಫ್ರಂಟಲ್ ಭಾಗದಲ್ಲಿ ಇವು ನರಕೋಶದ ಚೂರುಗಳನ್ನು ನುಂಗಿರುವುದು ಕಂಡಿದೆ.

ಮನುಷ್ಯರಲ್ಲಿ ಏನು ಕಂಡಿದೆ? 2012ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ರೊನಾಲ್ಡ್ ಡುಮನ್ ತಂಡ, ತೀವ್ರ ಖಿನ್ನತೆಯಿದ್ದು ತೀರಿಕೊಂಡವರ ಮಿದುಳಿನ ಪ್ರಿಫ್ರಂಟಲ್ ಭಾಗ ಪರೀಕ್ಷಿಸಿ, ಸಿನಾಪ್ಸ್‌ಗಳ ಸಂಖ್ಯೆಯೂ ಅವಕ್ಕೆ ಸಂಬಂಧಿಸಿದ ಹಲವು ಜೀನ್‌ಗಳ ಚಟುವಟಿಕೆಯೂ ತಗ್ಗಿರುವುದನ್ನು ವರದಿ ಮಾಡಿತು. 2019ರಲ್ಲಿ ಜೀವಂತ ವ್ಯಕ್ತಿಗಳಲ್ಲೇ, ಸಿನಾಪ್ಸ್‌ನ ಒಂದು ಪ್ರೋಟೀನಿಗೆ ಅಂಟುವ ವಿಕಿರಣಶೀಲ ಗುರುತು ಬಳಸಿ ಪಿಇಟಿ ಸ್ಕ್ಯಾನ್ ಮಾಡಿ ನೋಡಲಾಯಿತು. ಖಿನ್ನತೆಯ ಲಕ್ಷಣಗಳು ಹೆಚ್ಚು ತೀವ್ರವಾಗಿದ್ದವರಲ್ಲಿ ಸಿನಾಪ್ಸ್ ಸಾಂದ್ರತೆ ಕಡಿಮೆ ಇತ್ತು. ತೀವ್ರತೆ ಕಡಿಮೆ ಇದ್ದವರಿಗೂ ಆರೋಗ್ಯವಂತರಿಗೂ ವ್ಯತ್ಯಾಸ ಕಾಣಲಿಲ್ಲ. ಹಿಪೊಕ್ಯಾಂಪಸ್‌ನ ಗಾತ್ರದ ಬಗ್ಗೆ ದೊಡ್ಡ ಮಾಹಿತಿ ಸಿಕ್ಕಿದ್ದು 1,728 ರೋಗಿಗಳು ಮತ್ತು 7,199 ಆರೋಗ್ಯವಂತರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿದ ಎನಿಗ್ಮಾ ಅಧ್ಯಯನದಿಂದ: ಖಿನ್ನತೆ ಇದ್ದವರಲ್ಲಿ ಸರಾಸರಿ ಶೇ. 1ಕ್ಕಿಂತ ತುಸು ಹೆಚ್ಚು ಕಡಿಮೆ. ಅಷ್ಟೇ. ಆ ವ್ಯತ್ಯಾಸವೂ ಖಿನ್ನತೆ ಮರುಕಳಿಸಿದವರಲ್ಲಿ ಕಂಡದ್ದು, ಮೊದಲ ಬಾರಿ ಬಂದವರಲ್ಲಿ ಅಲ್ಲ. ನಿಮ್ಮ ಪ್ರಶ್ನೆ ಓದಿದರೆ ಇದು ನಿಮಗೆ ಮೊದಲ ಸಲ ಎನಿಸುತ್ತದೆ. ಹಾಗಿದ್ದರೆ ಮರುಕಳಿಸದಂತೆ ನೋಡಿಕೊಳ್ಳುವುದೇ ಮಿದುಳನ್ನು ಕಾಯುವ ಅತಿ ದೊಡ್ಡ ದಾರಿ.

ನಿಮ್ಮ ಪರಿಸ್ಥಿತಿಗೆ ಹತ್ತಿರದ ಇನ್ನೊಂದು ಅಧ್ಯಯನ 2009ರದು. ದೊಡ್ಡ ಪರೀಕ್ಷೆಗೆ ತಿಂಗಳುಗಟ್ಟಲೆ ತಯಾರಾಗುತ್ತಿದ್ದ 20 ವೈದ್ಯ ವಿದ್ಯಾರ್ಥಿಗಳಲ್ಲಿ ಗಮನವನ್ನು ಒಂದರಿಂದ ಇನ್ನೊಂದಕ್ಕೆ ಹೊರಳಿಸುವ ಸಾಮರ್ಥ್ಯ ಕುಂದಿತ್ತು, ಪ್ರಿಫ್ರಂಟಲ್ ಜಾಲದ ಸಂಪರ್ಕವೂ ಸಡಿಲವಾಗಿತ್ತು. ಪರೀಕ್ಷೆ ಮುಗಿದು ಒತ್ತಡ ಇಳಿದ ಒಂದು ತಿಂಗಳಿಗೆ ಎರಡೂ ಸರಿಹೋದವು. ಅವರಿಗೆ ಖಿನ್ನತೆ ಇರಲಿಲ್ಲ ಎಂಬುದು ನಿಜ. ಆದರೂ ಒತ್ತಡ ಒಂದರಿಂದಲೇ ಮನುಷ್ಯನ ಮಿದುಳಿನ ಜಾಲ ಹೀಗೆ ಸಡಿಲವಾಗುತ್ತದೆ ಮತ್ತು ಮರಳುತ್ತದೆ ಎನ್ನಲು ಇಷ್ಟು ಸಾಕು.

ಎಂಆರ್‌ಐ ಬಗ್ಗೆ ಚುಟುಕಾಗಿ ಹೇಳುತ್ತೇನೆ: ಬೇಡ. ಮನುಷ್ಯನ ಮಿದುಳಿನ ಒಂದು ಘನ ಮಿಲಿಮೀಟರ್ ತುಣುಕನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಬಿಡಿಸಿ ನೋಡಿದ 2024ರ ವರದಿಯಲ್ಲಿ ಸಿಕ್ಕ ಸಿನಾಪ್ಸ್‌ಗಳೇ ಸುಮಾರು 15 ಕೋಟಿ. ಆಸ್ಪತ್ರೆಯ ಎಂಆರ್‌ಐಗೆ ಆ ಇಡೀ ತುಣುಕು ಚಿತ್ರದ ಒಂದು ಚುಕ್ಕೆ. ಅದರಲ್ಲಿ ಸಂಪರ್ಕ ಕಡಿಮೆಯಾಗಿದೆಯೇ ಎಂದು ಯಾರೂ ಹೇಳಲಾರರು. ಮೇಲೆ ಹೇಳಿದ ಪಿಇಟಿ ಸಂಶೋಧನೆಗಷ್ಟೇ. ಹೊಸದಾಗಿ ಶುರುವಾದ ತೀವ್ರ ತಲೆನೋವು, ಫಿಟ್ಸ್, ಕೈಕಾಲಿನ ಬಲಹೀನತೆ, ತಲೆಗೆ ಪೆಟ್ಟು, ಸ್ವಭಾವವೇ ಹಠಾತ್ತಾಗಿ ಬದಲಾಗುವುದು, ಇಳಿವಯಸ್ಸಿನಲ್ಲಿ ಮೊದಲ ಸಲ ಖಿನ್ನತೆ ಬರುವುದು, ಇಂಥವಿದ್ದರೆ ಮಾತ್ರ ಸ್ಕ್ಯಾನ್‌ಗೆ ಅರ್ಥವಿದೆ. ಕಾರ್ಟಿಸಾಲ್ ರಕ್ತಪರೀಕ್ಷೆಯೂ ಹಾಗೆಯೇ. ಕಾರ್ಟಿಸಾಲ್ ವಿಪರೀತ ಹೆಚ್ಚುವ ಕುಶಿಂಗ್ ಕಾಯಿಲೆಯ ಲಕ್ಷಣಗಳಿಲ್ಲದಿದ್ದರೆ ಅದರಿಂದ ಚಿಕಿತ್ಸೆ ಬದಲಾಗುವುದಿಲ್ಲ. ಮಾಡಿಸಬೇಕಾದದ್ದು ಬೇರೆ: ಥೈರಾಯ್ಡ್ (ಟಿಎಸ್‌ಎಚ್), ಹಿಮೊಗ್ಲೋಬಿನ್, ವಿಟಮಿನ್ ಬಿ12, ರಕ್ತದ ಸಕ್ಕರೆ. ಇವುಗಳ ಕೊರತೆ ಅಥವಾ ಏರುಪೇರು ಮರೆವು ಮತ್ತು ಸುಸ್ತನ್ನು ತರುತ್ತದೆ, ಸುಲಭವಾಗಿ ಸರಿಪಡಿಸಲೂ ಬಹುದು. ಗೊರಕೆ ಜೋರಾಗಿದ್ದು ನಿದ್ದೆಯಲ್ಲಿ ಉಸಿರು ಕಟ್ಟುತ್ತದೆ ಎಂದು ಮನೆಯವರು ಹೇಳಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ.

ಇನ್ನು ಮಾತ್ರೆ. ಎಸ್ಸಿಟಲೋಪ್ರಾಮ್ ನುಂಗಿದ ಕೆಲವೇ ಗಂಟೆಗಳಲ್ಲಿ ಸಿನಾಪ್ಸ್‌ಗಳ ಸಂದಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕದ ಹೀರಿಕೆಗೆ ತಡೆ ಬೀಳುತ್ತದೆ. ಬರೀ ಸೆರೊಟೋನಿನ್ ಕೊರತೆಯೇ ಕಾಯಿಲೆಯಾಗಿದ್ದರೆ ಮರುದಿನವೇ ಗುಣ ಕಾಣಬೇಕಿತ್ತು. ಕಾಣುವುದಿಲ್ಲ, 2ರಿಂದ 6 ವಾರ ಬೇಕು. ಏರಿದ ಸೆರೊಟೋನಿನ್‌ಗೆ ಕೋಶದ ಸ್ವಂತ ಕಡಿವಾಣಗಳು ಹೊಂದಿಕೊಳ್ಳಬೇಕು, ಬಿಡಿಎನ್‌ಎಫ್ ಏರಬೇಕು, ಪ್ರೋಟೀನ್ ತಯಾರಾಗಬೇಕು, ಸ್ಪೈನ್ ಎದ್ದು ದಪ್ಪಗಾಗಬೇಕು. ಖಿನ್ನತೆಯ ಔಷಧಗಳು ನೇರವಾಗಿ ಟ್ರ್ಯಾಕ್-ಬಿ ಗ್ರಾಹಕಕ್ಕೇ ಅಂಟಿಕೊಂಡು ಅದನ್ನು ಬಿಡಿಎನ್‌ಎಫ್‌ಗೆ ಚುರುಕಾಗಿ ಸ್ಪಂದಿಸುವಂತೆ ಮಾಡುತ್ತವೆ ಎಂದು 2021ರಲ್ಲಿ ಫಿನ್‌ಲೆಂಡ್‌ನ ಈರೊ ಕಾಸ್ಟ್ರೆನ್ ತಂಡ ಪ್ರಕಟಿಸಿತು.

ಅದೇ ತಂಡದ 2011ರ ಪ್ರಯೋಗವನ್ನು ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವ ಪ್ರತಿಯೊಬ್ಬರೂ ತಿಳಿದಿರಬೇಕು ಎನ್ನುವುದು ನನ್ನ ಆಸೆ. ಒಂದು ಸದ್ದು ಕೇಳಿದರೆ ಶಾಕ್ ಬರುತ್ತದೆ ಎಂದು ಇಲಿಮರಿಗಳಿಗಲ್ಲ, ದೊಡ್ಡ ಇಲಿಗಳಿಗೆ ಕಲಿಸಿದರು. ಬಳಿಕ ಕೆಲವಕ್ಕೆ ಎಸ್ಸಿಟಲೋಪ್ರಾಮ್ ಗುಂಪಿನದೇ ಆದ ಫ್ಲುಆಕ್ಸೆಟಿನ್ ಮಾತ್ರ ಕೊಟ್ಟರು: ಭಯ ಹೋಗಲಿಲ್ಲ. ಕೆಲವಕ್ಕೆ ಔಷಧವಿಲ್ಲದೆ, ಶಾಕ್ ಇಲ್ಲದ ಸದ್ದನ್ನು ಮತ್ತೆ ಮತ್ತೆ ಕೇಳಿಸಿದರು: ಭಯ ತಗ್ಗಿತು, ಕೆಲವು ದಿನದಲ್ಲಿ ಮರಳಿತು. ಎರಡನ್ನೂ ಒಟ್ಟಿಗೆ ಕೊಟ್ಟವುಗಳಲ್ಲಿ ಮಾತ್ರ ಭಯ ಹೋದದ್ದು ಹೋದಂತೆಯೇ ಉಳಿಯಿತು. ಮಾತ್ರೆಯಿಂದ ಸಂಪರ್ಕಗಳು ಮತ್ತೆ ಬದಲಾಗಲು ಸಿದ್ಧವಾಗುತ್ತವೆ. ಯಾವ ಸಂಪರ್ಕ ಗಟ್ಟಿಯಾಗಬೇಕು ಎಂಬುದನ್ನು ಆ ಅವಧಿಯಲ್ಲಿ ನೀವು ಏನು ಮಾಡುತ್ತೀರಿ, ಯಾವ ವಾತಾವರಣದಲ್ಲಿ ಇರುತ್ತೀರಿ ಎಂಬುದು ತೀರ್ಮಾನಿಸುತ್ತದೆ. ಮಾತ್ರೆ ನುಂಗಿ ಅದೇ ಒತ್ತಡದಲ್ಲಿ ಅದೇ ಥರ ದಿನ ದೂಡುವವರಿಗೆ ಪೂರ್ತಿ ಗುಣ ಸಿಗದೇ ಹೋಗಲು ಇದೂ ಒಂದು ಕಾರಣ ಎಂದು ನಾನು ನಂಬುತ್ತೇನೆ.

ಮೂರನೇ ವಾರದಲ್ಲಿ ನೀವು ಎಲ್ಲಿರಬೇಕೋ ಅಲ್ಲೇ ಇದ್ದೀರಿ. ನಿದ್ದೆ ಮತ್ತು ಹಸಿವು ಮೊದಲು ಸುಧಾರಿಸುತ್ತವೆ, ಆಮೇಲೆ ಮೈಗೆ ಲವಲವಿಕೆ, ಅದರ ಬೆನ್ನಿಗೆ ಮನಸ್ಸಿನ ಭಾರ ಇಳಿಯುವುದು. ಗಮನ ಮತ್ತು ನೆನಪು ಸಾಮಾನ್ಯವಾಗಿ ಕೊನೆಯಲ್ಲಿ ಬರುತ್ತವೆ. ಸುಧಾರಣೆ ಅಳೆಯಲು ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯನ್ನು ಎರಡು ವಾರಕ್ಕೊಮ್ಮೆ ತುಂಬಿ, ದಿನಾಂಕ ಬರೆದಿಡಿ. ಒಟ್ಟು ಅಂಕ 27. ಅಂಕ 5ರಷ್ಟು ಇಳಿದರೆ ನಿಜವಾದ ಬದಲಾವಣೆ ಎನ್ನಬಹುದು, ಶುರುವಿನ ಅಂಕದ ಅರ್ಧಕ್ಕೆ ಬಂದರೆ ಔಷಧ ಕೆಲಸ ಮಾಡುತ್ತಿದೆ, 5ಕ್ಕಿಂತ ಕೆಳಗೆ ಬಂದು ನಿಂತರೆ ಗುಣವಾಗಿದೆ. ನಾಲ್ಕನೇ ವಾರದ ಕೊನೆಗೂ ಅಂಕ ಅಲುಗಾಡದಿದ್ದರೆ ಕಾಯುತ್ತ ಕೂರಬೇಡಿ, ಡೋಸ್ ಏರಿಸುವ ಅಥವಾ ಔಷಧ ಬದಲಿಸುವ ಬಗ್ಗೆ ವೈದ್ಯರನ್ನು ಕೇಳಿ. ಎಸ್ಸಿಟಲೋಪ್ರಾಮ್‌ನ ಸಾಮಾನ್ಯ ಗರಿಷ್ಠ ಮಿತಿ ದಿನಕ್ಕೆ 20 ಮಿಲಿಗ್ರಾಂ. ನೀವಾಗಿ ಏರಿಸುವುದು ಬೇಡ. ಪಟ್ಟಿಯ ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆಯದು. ಅದಕ್ಕೆ ಸೊನ್ನೆಗಿಂತ ಹೆಚ್ಚು ಅಂಕ ಬಂದರೆ ಮುಂದಿನ ಭೇಟಿಗೆ ಕಾಯದೆ ವೈದ್ಯರಿಗೆ ತಿಳಿಸಿ. ಹೇಗೆ ಎಂಬ ಯೋಜನೆಯೂ ಮನಸ್ಸಿನಲ್ಲಿ ಮೂಡಿದ್ದರೆ ಒಬ್ಬರೇ ಇರಬೇಡಿ, ಆ ಕ್ಷಣವೇ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ ಅಥವಾ ಸಹಾಯವಾಣಿಗೆ ಕರೆಮಾಡಿ. 25 ವರ್ಷದೊಳಗಿನವರಲ್ಲಿ ಔಷಧ ಶುರುವಾದ ಮೊದಲ ವಾರಗಳಲ್ಲಿ ಇಂಥ ಯೋಚನೆ ಹೆಚ್ಚಬಹುದು. ಮನೆಯವರು ಈ ಅವಧಿಯಲ್ಲಿ ವಿಶೇಷವಾಗಿ ಕಣ್ಣಿಟ್ಟಿರಬೇಕು.

ನಿಮ್ಮ ವಿಷಯದಲ್ಲಿ ಮೊದಲು ಕೈಹಾಕಬೇಕಾದದ್ದು ಒತ್ತಡದ ಮೂಲಕ್ಕೆ. ಇಲಿಗಳ ಕೊಂಬೆ ಬೆಳೆದದ್ದು ಒತ್ತಡ ನಿಂತ ಮೇಲೆ ಎಂಬುದನ್ನು ಮರೆಯಬೇಡಿ. ತಾಯಿಯ ಆರೈಕೆ ನಿಲ್ಲಿಸಲಾಗದು, ಸರಿ. ಆದರೆ ವಾರದಲ್ಲಿ ಎರಡು ಅರ್ಧ ದಿನವಾದರೂ ಆ ಹೊಣೆ ಪೂರ್ತಿ ಬೇರೆಯವರ ಕೈಗೆ ಹೋಗಬೇಕು; ನೀವು ಪಕ್ಕದ ಕೋಣೆಯಲ್ಲಿ ಕಿವಿ ಅಲ್ಲೇ ಇಟ್ಟು ಮಲಗಿದರೆ ಅದು ಬಿಡುವಲ್ಲ. ಒಡಹುಟ್ಟಿದವರಲ್ಲಿ ‘ಸಹಾಯ ಮಾಡಿ’ ಎಂದು ಕೇಳುವುದಕ್ಕಿಂತ ‘ಬುಧವಾರ ಮತ್ತು ಭಾನುವಾರ ಎರಡರಿಂದ ಏಳು ಗಂಟೆಯವರೆಗೆ ಅಮ್ಮ ನಿಮ್ಮ ಜವಾಬ್ದಾರಿ’ ಎಂದು ಹೇಳಿ. ಹಿಡಿತಕ್ಕೆ ಸಿಗದ ಒತ್ತಡವೇ ಪ್ರಿಫ್ರಂಟಲ್ ಜಾಲವನ್ನು ಹೆಚ್ಚು ಕೆಡಿಸುತ್ತದೆ ಎಂದೆನಲ್ಲ, ಮುಂದಿನ ಬಿಡುವು ಯಾವಾಗ ಎಂದು ಖಚಿತವಾಗಿ ಗೊತ್ತಿರುವುದೇ ಆ ಹಿಡಿತದ ಒಂದು ಭಾಗ.

ನಿದ್ದೆ ಎರಡನೆಯದು. 2014ರ ಒಂದು ಅಧ್ಯಯನದಲ್ಲಿ, ಉರುಳುವ ಸಲಾಕೆಯ ಮೇಲೆ ಓಡಲು ಕಲಿತ ಇಲಿಗಳ ಕಾರ್ಟೆಕ್ಸ್‌ನಲ್ಲಿ ಹೊಸ ಸ್ಪೈನ್‌ಗಳು ಎದ್ದವು. ಕಲಿತ ಮೇಲೆ ನಿದ್ದೆ ಮಾಡಲು ಬಿಡದ ಇಲಿಗಳಲ್ಲಿ ಅವು ಗಣನೀಯವಾಗಿ ಕಡಿಮೆ. ಮಲಗುವ ಹೊತ್ತಿಗಿಂತ ಏಳುವ ಹೊತ್ತನ್ನು ಬಿಗಿಹಿಡಿಯಿರಿ. ರಾತ್ರಿ ಹೇಗೇ ಕಳೆದಿರಲಿ, ರಜೆಯ ದಿನವೇ ಇರಲಿ, ಒಂದೇ ಸಮಯಕ್ಕೆ ಏಳಿ, ಎದ್ದ ಅರ್ಧ ಗಂಟೆಯೊಳಗೆ ಹೊರಗಿನ ಬೆಳಕಿಗೆ ಬನ್ನಿ. ಹಾಸಿಗೆಯಲ್ಲಿ 20 ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಬೇರೆಡೆ ಕೂತು, ತೂಕಡಿಕೆ ಬಂದಾಗ ಮರಳಿ. ನಿದ್ದೆಗೆಂದು ಮದ್ಯ ಬೇಡವೇ ಬೇಡ. ಅದು ಬೇಗ ಮಲಗಿಸುತ್ತದೆ, ನಡುರಾತ್ರಿಯ ನಂತರ ನಿದ್ದೆಯನ್ನು ಚೂರುಚೂರು ಮಾಡುತ್ತದೆ, ಮರುದಿನ ಖಿನ್ನತೆ ಹೆಚ್ಚಿಸುತ್ತದೆ.

ನಡಿಗೆಗೆ ಒಂದು ಅಳತೆ ಕೊಡುತ್ತೇನೆ. 2011ರಲ್ಲಿ 120 ಮಂದಿ ಹಿರಿಯರ ಮೇಲೆ ನಡೆದ ಒಂದು ವರ್ಷದ ಅಧ್ಯಯನದಲ್ಲಿ, ವಾರಕ್ಕೆ ಮೂರು ದಿನ 40 ನಿಮಿಷ ಬಿರುಸಾಗಿ ನಡೆದವರ ಹಿಪೊಕ್ಯಾಂಪಸ್ ಸುಮಾರು ಶೇ. 2 ಹಿಗ್ಗಿತು, ಬರೀ ಮೈಸಡಿಲಿಸುವ ವ್ಯಾಯಾಮ ಮಾಡಿದವರದ್ದು ಕುಗ್ಗಿತು. ನೀವು 40 ನಿಮಿಷದಿಂದ ಶುರುಮಾಡಬೇಡಿ, ನಾಲ್ಕನೇ ದಿನ ಬಿಟ್ಟುಬಿಡುತ್ತೀರಿ. ಮೊದಲ ವಾರ ದಿನಕ್ಕೆ 10 ನಿಮಿಷ, ಪ್ರತಿ ವಾರ 5 ನಿಮಿಷ ಸೇರಿಸಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಆ ವೇಗ ಸಾಕು. ಮನಸ್ಸು ಬಂದಾಗ ಹೊರಡುತ್ತೇನೆ ಎಂದು ಕಾಯುವುದು ಖಿನ್ನತೆಯಲ್ಲಿ ಎಲ್ಲರೂ ಜಾರುವ ಜಾಗ. ಸಂತೋಷದ ನಿರೀಕ್ಷೆ ಹುಟ್ಟಿಸುವ ಜಾಲವೇ ಮಂಕಾಗಿರುವುದರಿಂದ ಮನಸ್ಸು ಬರುವುದಿಲ್ಲ. ಕೆಲಸ ಮಾಡಿದ ಮೇಲೆ ಅದು ಅಲ್ಪಸ್ವಲ್ಪ ಬರುತ್ತದೆ. ಅದಕ್ಕೇ ಚಟುವಟಿಕೆ ಚಿಕಿತ್ಸೆಯಲ್ಲಿ ಗಡಿಯಾರ ನೋಡಿ ಕೆಲಸ ಮಾಡಿಸುತ್ತಾರೆ, ಮನಸ್ಸು ನೋಡಿ ಅಲ್ಲ. ದಿನಕ್ಕೆ ಎರಡು ಕೆಲಸ ಬರೆದಿಡಿ, ಒಂದು ಮುಗಿಸಿದ ತೃಪ್ತಿ ಕೊಡುವಂಥದ್ದು, ಇನ್ನೊಂದು ಮೊದಲು ಖುಷಿ ಕೊಡುತ್ತಿದ್ದದ್ದು. ಮಾಡುವ ಮುಂಚೆ ಮತ್ತು ಮಾಡಿದ ಮೇಲೆ ಮನಸ್ಸಿನ ಸ್ಥಿತಿಗೆ ಹತ್ತರಲ್ಲಿ ಅಂಕ ಕೊಡಿ. ವ್ಯತ್ಯಾಸ ಒಂದು ಅಂಕವಾದರೂ ಸರಿ.

ಸದ್ದಿಗೆ ಬೆಚ್ಚುವುದಕ್ಕೆ, ಆತಂಕಕ್ಕೆ, ಮನಶ್ಶಾಸ್ತ್ರಜ್ಞರ ಬಳಿ ಅರಿವಿನ ವರ್ತನಾ ಚಿಕಿತ್ಸೆ ಕೇಳಿ. ಸಾಮಾನ್ಯವಾಗಿ ವಾರಕ್ಕೊಂದರಂತೆ 12ರಿಂದ 16 ಭೇಟಿ. ಔಷಧ ನಡೆಯುತ್ತಿರುವಾಗಲೇ ಇದನ್ನು ಶುರುಮಾಡುವುದು ಒಳ್ಳೆಯದು. ಕಾರಣ ಮೇಲಿನ ಇಲಿಗಳ ಪ್ರಯೋಗದಲ್ಲಿದೆ. ಭಯಪಡಿಸುವ ಸಂಗತಿಯನ್ನು ತಪ್ಪಿಸಿಕೊಂಡಷ್ಟೂ ಅಮಿಗ್ಡಾಲಕ್ಕೆ ಹೊಸ ಪಾಠ ಸಿಗುವುದಿಲ್ಲ.

ಕೆಟಮಿನ್ ಎಂಬ ಅರಿವಳಿಕೆ ಔಷಧದ ಬಗ್ಗೆ ನೀವು ಕೇಳಿಲ್ಲ, ಆದರೆ ಈ ವಿಷಯ ಓದಿದವರು ಮುಂದಿನ ಪ್ರಶ್ನೆಯಾಗಿ ಅದನ್ನೇ ಕೇಳುತ್ತಾರೆ. ಇಲಿಗಳ ಪ್ರಿಫ್ರಂಟಲ್ ಭಾಗದಲ್ಲಿ ಅದು 24 ಗಂಟೆಯೊಳಗೆ ಹೊಸ ಸ್ಪೈನ್‌ಗಳನ್ನು ಎಬ್ಬಿಸುತ್ತದೆ ಎಂದು 2010ರಲ್ಲಿ ಗೊತ್ತಾಯಿತು. 2019ರಲ್ಲಿ ಅದರ ಒಂದು ರೂಪವಾದ ಎಸ್‌ಕೆಟಮಿನ್ ಮೂಗಿನ ಸ್ಪ್ರೇಗೆ ಅಮೆರಿಕದಲ್ಲಿ ಅನುಮತಿಯೂ ಸಿಕ್ಕಿತು. ಕನಿಷ್ಠ ಎರಡು ಔಷಧಗಳಿಗೆ ಬಗ್ಗದ ಖಿನ್ನತೆಗೆ, ವೈದ್ಯರ ಕಣ್ಣೆದುರು, ಎರಡು ಗಂಟೆ ನಿಗಾ ಇಟ್ಟು ಕೊಡುವಂಥದ್ದು. ನಿಮಗೆ ಸದ್ಯ ಅದರ ಅಗತ್ಯವಿಲ್ಲ. ಆದರೆ ಆ ಸಂಶೋಧನೆಯಿಂದ ನಿಮಗೆ ಉಪಯೋಗಕ್ಕೆ ಬರುವ ಒಂದು ಅಂಶ ಸಿಕ್ಕಿದೆ. 2019ರ ಪ್ರಯೋಗದಲ್ಲಿ ಕೆಟಮಿನ್ ಕೊಟ್ಟ ಇಲಿಗಳ ವರ್ತನೆ ಮೂರರಿಂದ ಆರು ಗಂಟೆಯೊಳಗೆ ಸುಧಾರಿಸಿತು, ಸ್ಪೈನ್‌ಗಳು ಎದ್ದದ್ದು ಅದರ ನಂತರ. ಹೊಸ ಸ್ಪೈನ್‌ಗಳನ್ನು ಉದ್ದೇಶಪೂರ್ವಕವಾಗಿ ಅಳಿಸಿದಾಗ ಸುಧಾರಣೆ ಉಳಿಯಲಿಲ್ಲ. ಅಂದರೆ ಗುಣವಾಗುವುದಕ್ಕಿಂತ ಹೆಚ್ಚಾಗಿ ಗುಣ ಉಳಿಯುವುದಕ್ಕೆ ಹೊಸ ಸಂಪರ್ಕ ಬೇಕು.

ಅದಕ್ಕೇ ಚೆನ್ನಾಗಿದ್ದೇನೆ ಎನಿಸಿದ ಕೂಡಲೇ ಮಾತ್ರೆ ನಿಲ್ಲಿಸುವುದು ಈ ಚಿಕಿತ್ಸೆಯಲ್ಲಿ ಆಗುವ ಅತಿ ಸಾಮಾನ್ಯವಾದ ಮತ್ತು ಅತಿ ದುಬಾರಿಯಾದ ತಪ್ಪು. ಪೂರ್ತಿ ಗುಣವಾದ ದಿನದಿಂದ ಲೆಕ್ಕಹಾಕಿ ಕನಿಷ್ಠ 6ರಿಂದ 9 ತಿಂಗಳು ಅದೇ ಡೋಸ್ ಮುಂದುವರಿಯಬೇಕು. ಹಿಂದೆ ಖಿನ್ನತೆ ಬಂದುಹೋಗಿದ್ದರೆ ಇನ್ನೂ ಹೆಚ್ಚು. ನಿಲ್ಲಿಸುವಾಗಲೂ ವೈದ್ಯರ ಜೊತೆ ಮಾತಾಡಿ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ, ಹಂತಹಂತವಾಗಿ ಇಳಿಸಬೇಕು. ಏಕಾಏಕಿ ಬಿಟ್ಟರೆ ತಲೆಸುತ್ತು, ಕಿರಿಕಿರಿ, ತಲೆಯೊಳಗೆ ವಿದ್ಯುತ್ ಹೊಡೆದಂಥ ಅನುಭವ ಬರಬಹುದು. ಇದನ್ನು ‘ಕಾಯಿಲೆ ಮರಳಿತು’ ಎಂದೋ ‘ಮಾತ್ರೆಗೆ ದಾಸರಾದೆವು’ ಎಂದೋ ತಪ್ಪಾಗಿ ತಿಳಿದು ಹೆದರುವವರು ಬಹಳ. ಬಿಟ್ಟ ಕೆಲವೇ ದಿನಗಳಲ್ಲಿ ಶುರುವಾದರೆ ಅದು ಹೆಚ್ಚಾಗಿ ಔಷಧ ಬಿಟ್ಟದ್ದರ ಪರಿಣಾಮ; ವಾರಗಳ ನಂತರ ನಿಧಾನವಾಗಿ ಮನಸ್ಸು ಕುಸಿಯುತ್ತ ಬಂದರೆ ಕಾಯಿಲೆ ಮರುಕಳಿಸುತ್ತಿರುವ ಸೂಚನೆ.

ಮರೆವಿಗೆ ಸದ್ಯಕ್ಕೆ ಕಾಗದದ ನೆರವು ತೆಗೆದುಕೊಳ್ಳಿ. ಹೆಸರು, ಔಷಧದ ಸಮಯ, ನಾಳೆಯ ಮೂರು ಕೆಲಸ, ಎಲ್ಲವನ್ನೂ ಬರೆಯಿರಿ. ಒಂದು ಸಲಕ್ಕೆ ಒಂದೇ ಕೆಲಸ, 20 ನಿಮಿಷ ಓದು, 5 ನಿಮಿಷ ಬಿಡುವು. ಮಹತ್ವದ ನಿರ್ಧಾರಗಳನ್ನು, ಕೆಲಸ ಬಿಡುವುದೂ ಸೇರಿದಂತೆ, ಸಾಧ್ಯವಾದರೆ ಎರಡು ಮೂರು ತಿಂಗಳು ಮುಂದೂಡಿ. ಪಿಎಚ್‌ಕ್ಯೂ-9 ಅಂಕ 5ರ ಕೆಳಗೆ ಬಂದು ಮೂರು ತಿಂಗಳಾದರೂ ಮರೆವು ಇದ್ದಂತೆಯೇ ಇದ್ದರೆ, ಆಗ ನೆನಪಿನ ಶಕ್ತಿಯ ವಿವರವಾದ ಪರೀಕ್ಷೆ ಮಾಡಿಸಲು ಕೇಳಿ, ಮತ್ತು ನೀವು ತೆಗೆದುಕೊಳ್ಳುವ ಇತರ ಔಷಧಗಳ ಪಟ್ಟಿಯನ್ನೂ ಜೊತೆಗೆ ಒಯ್ಯಿರಿ: ನಿದ್ದೆಮಾತ್ರೆ, ಅಲರ್ಜಿಯ ಹಳೆಯ ಮಾತ್ರೆಗಳು, ಸ್ಟೀರಾಯ್ಡ್ ಇವು ಗಮನ ಮತ್ತು ನೆನಪನ್ನು ಕೆಡಿಸಬಲ್ಲವು. ನೋವಿಗೆ ಐಬುಪ್ರೊಫೆನ್‌ನಂಥ ಮಾತ್ರೆ ನುಂಗುವ ಅಭ್ಯಾಸವಿದ್ದರೆ ಅದನ್ನೂ ಹೇಳಿ. ಎಸ್ಸಿಟಲೋಪ್ರಾಮ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಸಾಧ್ಯತೆ ಹೆಚ್ಚುತ್ತದೆ.